ಒಂದು ವರ್ಷ ಕಿರಿಯನಾದ ಸ್ಟಾಲಿನ್

ಅಪ್ಪ ಹುಟ್ಟಿದ್ದು ಯಾವಾಗ ಎಂದು ಕೇಳಿದರೆ ಅಜ್ಜಿ ತಾರೀಖು ಹೇಳುತ್ತಿರಲಿಲ್ಲ. "ಡ್ಯಾಮಿನ ನೀರು ಮೊದಲ ಸಲ ಬಿಟ್ಟ ವರ್ಷ, ಮಳಿಗಾಲದಾಗ" ಎನ್ನುತ್ತಿದ್ದಳು. ತುಂಗಭದ್ರಾ ಅಣೆಕಟ್ಟಿನ ಪಕ್ಕದ, ಕೊಪ್ಪಳದ ಮುನಿರಾಬಾದ್ ಸುತ್ತಲಿನ ಹಳ್ಳಿಗಳಲ್ಲಿ ಆ ವರ್ಷವೆಂದರೆ 1953. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಮಾತ್ರ ಅಪ್ಪನ ಜನ್ಮದಿನಾಂಕ 1-6-1952. ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿದ ಹುಡುಗನನ್ನು ಹೆಡ್‌ಮಾಸ್ತರರು ಸೇರಿಸಿಕೊಂಡರು, ವಯಸ್ಸು ಕೂಡಿಬರಲೆಂದು ಒಂದು ವರ್ಷ ಹೆಚ್ಚಿಗೆ ಬರೆದರು. ಅದರಿಂದಾಗಿ ಅಪ್ಪ ನೌಕರಿಯಿಂದ ಒಂದು ವರ್ಷ ಮೊದಲೇ ನಿವೃತ್ತರಾದರು.

ಅದೇ 1953ರ ಮಾರ್ಚ್ 5ರಂದು ತೀರಿಕೊಂಡ ಸೋವಿಯತ್ ಸರ್ವಾಧಿಕಾರಿ ಸ್ಟಾಲಿನ್‌ನ ವಯಸ್ಸಿನಲ್ಲಿಯೂ ಒಂದು ವರ್ಷದ ವ್ಯತ್ಯಾಸವಿದೆ ಎಂದು ಓದಿದಾಗ ನನಗೆ ಕುತೂಹಲವಾದದ್ದು ಈ ಕಾರಣಕ್ಕೆ. ಅಧಿಕೃತ ಲೆಕ್ಕದಲ್ಲಿ ಆಗ ಅವನಿಗೆ 73 ವರ್ಷ, ಚರ್ಚಿನ ಲೆಕ್ಕದಲ್ಲಿ 74.

ಜಾರ್ಜಿಯಾದ ಗೋರಿ ಪಟ್ಟಣದಲ್ಲಿ ಚಮ್ಮಾರ ಬೆಸಾರಿಯೋನ್ ಜುಗಾಶ್ವಿಲಿ ಮತ್ತು ಎಕತೆರಿನೆ ದಂಪತಿಯ ಮಗ, ಅಂದರೆ ಮುಂದೆ ಸ್ಟಾಲಿನ್ ಆದವನು, ಹುಟ್ಟಿದ್ದು 1878ರ ಡಿಸೆಂಬರ್ 6ರಂದು, ಅವನಿಗೆ ದೀಕ್ಷಾಸ್ನಾನವಾದದ್ದು ಅದೇ ತಿಂಗಳ 17ರಂದು ಎಂದು ಅಲ್ಲಿಯ ಚರ್ಚಿನ ಪುಸ್ತಕದಲ್ಲಿದೆ. ರಷ್ಯಾದಲ್ಲಿ ಆಗ ಹಳೆಯ ಪಂಚಾಂಗ ಚಾಲ್ತಿಯಲ್ಲಿತ್ತು. ಹನ್ನೆರಡು ದಿನ ಕೂಡಿಸಿದರೆ ಇಂದಿನ ಕ್ಯಾಲೆಂಡರಿನ ಡಿಸೆಂಬರ್ 18 ಆಗುತ್ತದೆ. ಗೋರಿಯ ಶಾಲೆ 1894ರಲ್ಲಿ ಕೊಟ್ಟ ಪ್ರಮಾಣಪತ್ರವೂ ಇದೇ ದಿನವನ್ನು ಹೇಳುತ್ತದೆ. ಆದರೆ ಸೋವಿಯತ್ ದೇಶ ಆಚರಿಸಿದ್ದು 1879ರ ಡಿಸೆಂಬರ್ 21ನ್ನು. ಚರ್ಚಿನ ದಾಖಲೆ ಮಾಸ್ಕೋದಲ್ಲಿ ಅಚ್ಚಾಗಿ ಹೊರಬಂದದ್ದು 1990ರಲ್ಲಿ.

ಪಂಚಾಂಗದ ಗೊಂದಲದಿಂದ ಹನ್ನೆರಡು ದಿನ ಹೆಚ್ಚು ಕಡಿಮೆಯಾಗಬಹುದೇ ಹೊರತು ವರ್ಷವೇ ಬದಲಾಗುವುದಿಲ್ಲ. ಚಕ್ರವರ್ತಿಯ ಸೈನ್ಯಕ್ಕೆ ಸೇರುವುದನ್ನು ತಪ್ಪಿಸಿಕೊಳ್ಳಲು ವಯಸ್ಸು ಕಡಿಮೆ ಮಾಡಿಕೊಂಡನೆಂಬ ವಾದವೊಂದಿದೆ. 1920ರಲ್ಲಿ, ಕ್ರಾಂತಿಯೆಲ್ಲ ಮುಗಿದ ಮೇಲೆಯೂ, ತಾನು ಹುಟ್ಟಿದ್ದು 1878ರಲ್ಲಿ ಎಂದು ಅವನೇ ಬರೆದುಕೊಟ್ಟಿರುವಾಗ ಆ ವಾದ ನಿಲ್ಲುವುದಿಲ್ಲ. ಪಕ್ಷದೊಳಗಿನ ಎದುರಾಳಿಗಳಲ್ಲಿ ಟ್ರಾಟ್ಸ್ಕಿ ಗಡೀಪಾರಾಗಿ, ಬುಖಾರಿನ್ ಪಕ್ಷದ ಅತ್ಯುನ್ನತ ಸಮಿತಿಯಾದ ಪಾಲಿಟ್‌ಬ್ಯೂರೋದಿಂದ ಹೊರಬಿದ್ದ 1929ರಲ್ಲಿಯೇ ಐವತ್ತನೆಯ ಹುಟ್ಟುಹಬ್ಬ ಬರುವಂತೆ ಲೆಕ್ಕ ಹಾಕಿದನೆಂಬುದು ಇನ್ನೊಂದು ವಿವರಣೆ. ನಾನೂ ಕೆಲ ದಿನ ಇದನ್ನೇ ನಂಬಿದ್ದೆ, ಅಷ್ಟು ಚೆನ್ನಾಗಿ ಹೊಂದುತ್ತದೆ. ಆದರೆ 1879 ಎಂಬ ವರ್ಷ ಅವನ ಜೀವನವಿವರಗಳಲ್ಲಿ ಕಾಣಿಸಿಕೊಂಡದ್ದು 1920ರ ದಶಕದ ಆರಂಭದಲ್ಲಿಯೇ. ಏಳು ವರ್ಷ ಮುಂದಿನ ಜಗಳದ ಫಲಿತಾಂಶ ಆಗಲೇ ಗೊತ್ತಿತ್ತು ಎನ್ನಲು ಜ್ಯೋತಿಷಿಯೇ ಆಗಿರಬೇಕು. 1949ರ ಡಿಸೆಂಬರಿನಲ್ಲಿ ಚೀನಾದ ನಾಯಕ ಮಾವೋ ಮಾಸ್ಕೋಗೆ ಬಂದು ಕುಳಿತಿದ್ದ ಎಪ್ಪತ್ತನೆಯ ಹುಟ್ಟುಹಬ್ಬ, ಚರ್ಚಿನ ಪುಸ್ತಕದ ಪ್ರಕಾರ, ಎಪ್ಪತ್ತೊಂದನೆಯದು.

ತಂದೆ ಬೆಸಾರಿಯೋನ್ ಅಲ್ಲ, ಕುಟುಂಬಕ್ಕೆ ನೆರವಾಗುತ್ತಿದ್ದ ವೈನ್ ವ್ಯಾಪಾರಿ ಎಗ್ನತಾಶ್ವಿಲಿ ಎಂಬ ಗಾಳಿಮಾತೂ ಇದೆ. ಮೀಸೆಯ ಹೋಲಿಕೆಯೊಂದನ್ನೇ ಹಿಡಿದು ಅನ್ವೇಷಕ ಪ್ರ್ಝೆವಾಲ್‌ಸ್ಕಿಯನ್ನೂ ತಂದೆಯ ಸಾಲಿಗೆ ಸೇರಿಸಿದವರಿದ್ದಾರೆ. ಇವಕ್ಕೆ ಕಾಗದದ ಆಧಾರವಿಲ್ಲ.

ನನಗೆ ಹೆಚ್ಚು ಮುಖ್ಯವೆನಿಸಿದ್ದು ತಿಫ್ಲಿಸ್‌ನ (ಇಂದಿನ ಟಿಬಿಲಿಸಿಯ) ಪಾದ್ರಿ ವಿದ್ಯಾಲಯವನ್ನು ಅವನು 1899ರಲ್ಲಿ ಬಿಟ್ಟ ಪ್ರಸಂಗ. ಮಾರ್ಕ್ಸ್‌ವಾದದ ಪ್ರಚಾರ ಮಾಡಿದ್ದಕ್ಕೆ ತನ್ನನ್ನು ಹೊರಹಾಕಿದರೆಂದು ಸ್ಟಾಲಿನ್ ಹೇಳಿಕೊಂಡ, ಪಕ್ಷದ ಚರಿತ್ರೆಗಳೂ ಅದನ್ನೇ ಹೇಳಿದವು. ವಿದ್ಯಾಲಯದ ದಾಖಲೆಯಲ್ಲಿರುವುದು, ಕಾರಣ ತಿಳಿಸದೆ ಪರೀಕ್ಷೆಗೆ ಗೈರುಹಾಜರಾದ ಎಂದು ಮಾತ್ರ. ತಾಯಿ ಎಕತೆರಿನೆಯೋ, ಮಗ ಸರ್ವಾಧಿಕಾರಿಯಾಗಿದ್ದ ಕಾಲದಲ್ಲಿಯೇ, ಅವನನ್ನು ಯಾರೂ ಹೊರಹಾಕಲಿಲ್ಲ, ಆರೋಗ್ಯ ಕೆಟ್ಟಿದ್ದರಿಂದ ತಾನೇ ಮನೆಗೆ ಕರೆತಂದೆನೆಂದು ವಿದೇಶಿ ವರದಿಗಾರನಿಗೆ ಹೇಳಿದಳು. ಮಗನನ್ನು ಪಾದ್ರಿ ಮಾಡಬೇಕೆಂದಿದ್ದ ತಾಯಿಗೆ ಆ ಕಳಂಕ ಬೇಡವಾಗಿತ್ತು, ಮಗನಿಗೆ ಅದೇ ಬೇಕಾಗಿತ್ತು. ನಾನಾದರೆ ಪರೀಕ್ಷೆಯ ದಾಖಲೆ ಬರೆದ ಗುಮಾಸ್ತನನ್ನು ನಂಬುತ್ತೇನೆ, ಏಕೆಂದರೆ ಆ ಹುಡುಗ ಮುಂದೆ ಏನಾಗುತ್ತಾನೆಂಬುದು ಅವನಿಗೆ ಗೊತ್ತಿರಲಿಲ್ಲ. ಆದರೂ ನಮ್ಮ ಹೆಡ್‌ಮಾಸ್ತರರ ಅಕ್ಷರದಲ್ಲಿರುವ ಆ 1-6-1952 ನೆನಪಾಗಿ, ಅಷ್ಟರಮಟ್ಟಿಗೆ ಅನುಮಾನವನ್ನೂ ಇಟ್ಟುಕೊಂಡಿದ್ದೇನೆ.