ಖಾಲಿ ಜಾಗದ ಕಾಲೊನಿಗಳು

ಬ್ಯಾಕ್ಟೀರಿಯಾ ಬೆಳೆಸಿದ ಇವತ್ತಿನ ಪ್ಲೇಟಲ್ಲಿ ಕ್ಲಾರಿಥ್ರೋಮೈಸಿನ್ ಅನ್ನೋ ಆಂಟಿಬಯಾಟಿಕ್ ಪಟ್ಟಿ ಸುತ್ತ ಏನೂ ಬೆಳೆಯದ ಅಗಲವಾದ ಖಾಲಿ ಜಾಗ. ಅದರೊಳಗೇ ಸೂಜಿಮೊನೆಯಷ್ಟು ಸಣ್ಣ ಮೂರು ಕಾಲೊನಿ, ಅಂದ್ರೆ ಬ್ಯಾಕ್ಟೀರಿಯಾ ಗುಂಪು!

ಹೊಟ್ಟೆಯ ಬ್ಯಾಕ್ಟೀರಿಯಾ ಹೆಲಿಕೋಬ್ಯಾಕ್ಟರ್ ಪೈಲೋರಿ ಹೀಗೇ, ಬೇಗ ಬದಲಾಗುತ್ತೆ. ಡಿಎನ್‌ಎ ನಕಲಾಗುವಾಗ ಆದ ತಪ್ಪು ತಿದ್ದೋ ಮಾಮೂಲಿ ಮಿಸ್‌ಮ್ಯಾಚ್ ರಿಪೇರಿ ಇದಕ್ಕಿಲ್ಲ. ಸಾಲದ್ದಕ್ಕೆ, ಪಕ್ಕದ ತಳಿಯ ಡಿಎನ್‌ಎ ಒಳಗೆಳೆದು ತುಂಡು ತುಂಡಾಗಿ ತನ್ನದರಲ್ಲಿ ಸೇರಿಸಿಕೊಳ್ಳುತ್ತೆ. ಎಷ್ಟೋ ತುಂಡು ಕೆಲವು ನೂರು ಡಿಎನ್‌ಎ ಅಕ್ಷರದಷ್ಟೇ. ಪ್ರೋಟೀನ್ ತಯಾರಿಸೋ ರೈಬೋಸೋಮಿನ ಭಾಗವಾದ 23ಎಸ್ ಆರ್‌ಆರ್‌ಎನ್‌ಎಯ ಜೀನಿನ 2143ನೇ ಜಾಗದಲ್ಲಿ ಎ ಅಕ್ಷರ ಹೋಗಿ ಜಿ ಬಂದರೆ ಸಾಕು, ಕ್ಲಾರಿಥ್ರೋಮೈಸಿನ್ ನಾಟಲ್ಲ.

ಹೀಗಾಗಿ ಒಬ್ಬರ ಹೊಟ್ಟೆಯಲ್ಲೇ ಔಷಧಿ ನಾಟೋದು, ನಾಟದ್ದು ಎರಡೂ ಇರಬಹುದು. ಅದಕ್ಕೇ ಒಂದೇ ಕಾಲೊನಿ ಎತ್ತಿ ಟೆಸ್ಟ್ ಮಾಡಬೇಡಿ. ಆಂಟ್ರಮ್ (ಹೊಟ್ಟೆಯ ಕೆಳಭಾಗ), ಕಾರ್ಪಸ್ (ನಡುಭಾಗ) ಎರಡರ ಬಯಾಪ್ಸಿಯನ್ನೂ ಬೇರೆಬೇರೆ ಪ್ಲೇಟಿಗೆ ಹಾಕಿ. 37 ಡಿಗ್ರಿ, ಆಮ್ಲಜನಕ ಶೇ. 5ರ ಆಸುಪಾಸು. ಮೂರನೇ ದಿನಕ್ಕೆ ಏನೂ ಕಾಣದಿದ್ದರೂ ಎಸೀಬೇಡಿ, ಏಳು ದಿನ ಇಡಿ. ಖಾಲಿ ಜಾಗದಲ್ಲಿ ಬೆಳೆದದ್ದನ್ನ ಕಂಟಾಮಿನೇಶನ್ ಅಂತ ಬಿಡೋ ಮುಂಚೆ ಗ್ರಾಮ್ ಸ್ಟೇನ್ (ಬಣ್ಣ ಹಾಕಿ ಬ್ಯಾಕ್ಟೀರಿಯಾ ಗುರುತಿಸೋ ಪರೀಕ್ಷೆ), ಯೂರಿಯೇಸ್ (ಪೈಲೋರಿ ಧಾರಾಳವಾಗಿ ತಯಾರಿಸೋ ಕಿಣ್ವ) ಎರಡೂ ನೋಡಿ.