ಬಿಗಿಹಿಡಿದದ್ದು ನಮಗೇ ಏಕೆ ತಿಳಿಯುವುದಿಲ್ಲ?

ಉಡುಪಿಯ ನನ್ನ ಯೋಗ ತರಗತಿಗೆ ಬರುವವರು ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆಯಿದು: "ಭುಜ ಬಿಗಿಹಿಡಿದದ್ದು ನೀವು ಹೇಳಿದ ಮೇಲೆ ಗೊತ್ತಾಗ್ತದೆ ಟೀಚರ್, ಮನೆಯಲ್ಲಿ ಹೇಳುವವರು ಯಾರು?"

ನಮ್ಮ ನರಮಂಡಲ ಬದಲಾವಣೆಯನ್ನು ಬೇಗ ಗುರುತಿಸುತ್ತದೆ, ಬದಲಾಗದೆ ಉಳಿದದ್ದನ್ನು ಅಷ್ಟೇ ಬೇಗ ಕಡೆಗಣಿಸುತ್ತದೆ. ಬೆಳಿಗ್ಗೆ ಕಟ್ಟಿಕೊಂಡ ಕೈಗಡಿಯಾರ ಮಧ್ಯಾಹ್ನದ ಹೊತ್ತಿಗೆ ಮರೆತುಹೋಗುವಂತೆ, ದಿನವಿಡೀ ಎತ್ತಿಹಿಡಿದ ಭುಜವೂ ಮರೆತುಹೋಗುತ್ತದೆ. ಕೈಯಲ್ಲಿರುವ ಭಾರ ಹೆಚ್ಚಿದಷ್ಟೂ ವ್ಯತ್ಯಾಸ ತಿಳಿಯಲು ಸೇರಿಸಬೇಕಾದ ತೂಕವೂ ಹೆಚ್ಚಬೇಕೆಂದು ಜರ್ಮನಿಯ ಶರೀರಶಾಸ್ತ್ರಜ್ಞ ಎರ್ನ್ಸ್ಟ್ ವೇಬರ್ 19ನೆಯ ಶತಮಾನದಲ್ಲೇ ತೋರಿಸಿದ್ದರು. ಆಗಲೇ ಬಿಗಿದಿರುವ ಸ್ನಾಯುವಿನಲ್ಲಿ ಇನ್ನಷ್ಟು ಬಿಗಿತ ಸೇರಿದರೂ ಗಮನಕ್ಕೆ ಬಾರದಿರುವುದು ಹೀಗೆಯೇ.

ಆದ್ದರಿಂದ "ನೆಟ್ಟಗೆ ಕುಳಿತುಕೊಳ್ಳಿ" ಎಂಬ ಉಪದೇಶದಲ್ಲಿ ನನಗೆ ನಂಬಿಕೆಯಿಲ್ಲ. ಅದು ಹಳೆಯ ಬಿಗಿತದ ಮೇಲೆ ಹೊಸದನ್ನು ಹೇರುತ್ತದೆ, ಅಷ್ಟೆ. ನಮ್ಮ ಅನಿಸಿಕೆಯನ್ನೂ ಪೂರ್ತಿ ನಂಬುವಂತಿಲ್ಲ. ವೇದಿಕೆಯ ಮೇಲೆ ಪದೇ ಪದೇ ಸ್ವರ ಕಳೆದುಕೊಳ್ಳುತ್ತಿದ್ದ ಆಸ್ಟ್ರೇಲಿಯಾದ ನಟ ಎಫ್. ಎಂ. ಅಲೆಗ್ಸಾಂಡರ್ (1869–1955) ಕನ್ನಡಿಗಳ ಮುಂದೆ ನಿಂತು ಪರೀಕ್ಷಿಸಿಕೊಂಡಾಗ, ತಲೆಯನ್ನು ಮುಂದಕ್ಕೆ ತರುತ್ತಿದ್ದೇನೆಂದು ತಾವು ಭಾವಿಸಿದ ಗಳಿಗೆಯಲ್ಲೇ ಅದನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದುದು ಕಾಣಿಸಿತು.

ನನ್ನ ಉತ್ತರ ಇಷ್ಟು: ಬಿಗಿತವನ್ನು ಹುಡುಕಬೇಡಿ, ಮಾಡುತ್ತಿರುವ ಕೆಲಸದಲ್ಲಿ ಬಲವನ್ನು ಕಡಿಮೆ ಮಾಡಿ. ಹೆರೆಮಣೆಯ ಮೇಲೆ ಕುಳಿತು ಕಾಯಿ ಹೆರೆಯುವಾಗ ಕೈಗೆ ಬಲ ಬೇಕು, ನಿಜ; ಆದರೆ ದವಡೆಗೆ, ಕಾಲ್ಬೆರಳುಗಳಿಗೆ ಅಲ್ಲೇನು ಕೆಲಸ? ಕಾಯಿಯ ಹೋಳನ್ನು ಹೆರೆಮಣೆಯ ಹಲ್ಲಿಗೆ ಒತ್ತುವ ಮುನ್ನ ಒಂದು ಕ್ಷಣ ತಡೆದು ನೋಡಿದರೆ, ಕೈ ಅಲುಗುವ ಮೊದಲೇ ಕುತ್ತಿಗೆ ಬಿಗಿದು ಉಸಿರು ನಿಂತಿರುವುದು ಹಲವರಿಗೆ ತಿಳಿಯುತ್ತದೆ. ಬಳಿಕ ಅರ್ಧ ಬಲದಲ್ಲಿ, ನಿಧಾನವಾಗಿ ಹೆರೆಯಿರಿ. ಸಾರಿಗೆ ಕಾಯಿ ತಡವಾದೀತು, ಆಗಲಿ. ಬಲ ಇಳಿದಾಗಲೇ ಸಣ್ಣ ವ್ಯತ್ಯಾಸಗಳು ಎದ್ದು ಕಾಣುವುದು.

ಮಂಗಳೂರಿನ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ನಿಂತು ಹೋಗುವವರು ಕಂಬಿಯನ್ನು ಹಿಡಿದ ಕೈಯಲ್ಲೂ ಇದನ್ನೇ ಮಾಡಬಹುದು. ಪಡುಬಿದ್ರಿ ದಾಟಿ ಬಸ್ಸು ಸಮನಾಗಿ ಸಾಗುತ್ತಿರುವಾಗಲೂ ಬ್ರೇಕ್ ಬಿದ್ದಾಗಿನ ಹಿಡಿತವೇ ಉಳಿದಿರುತ್ತದೆ. ಅದನ್ನು ಆಧಾರ ತಪ್ಪದಷ್ಟಕ್ಕೆ ಇಳಿಸಿ, ಭುಜವೂ ಜೊತೆಗೆ ಇಳಿಯಿತೇ ಎಂದು ಗಮನಿಸಿ. ಮತ್ತೆ ಬ್ರೇಕ್ ಬಿದ್ದಾಗ ಗಟ್ಟಿಯಾಗಿ ಹಿಡಿಯಲೇಬೇಕು, ಹಾಗೆ ಹಿಡಿದು ಬಿಡುವ ಅಭ್ಯಾಸಕ್ಕೆ ನಮ್ಮ ಚಾಲಕರು ಧಾರಾಳವಾಗಿ ಅವಕಾಶ ಕೊಡುತ್ತಾರೆ.

ದಿನವಿಡೀ ಮೈಯನ್ನು ಕಾವಲು ಕಾಯುವುದು ಬೇಡ, ಅದೂ ಒಂದು ಬಿಗಿತವೇ. ಯಾವುದಾದರೂ ಒಂದು ಕೆಲಸ ಆರಿಸಿಕೊಂಡರೆ ಸಾಕು. ಕೈ ಜೋಮು ಹಿಡಿಯುವುದು, ಶಕ್ತಿ ಕುಂದುವುದು, ರಾತ್ರಿ ಎಬ್ಬಿಸುವ ನೋವು ಇವುಗಳಿದ್ದರೆ ಮಾತ್ರ ಈ ಪ್ರಯೋಗವನ್ನು ಬದಿಗಿಟ್ಟು ವೈದ್ಯರಿಗೆ ತೋರಿಸಿ.