ಕೆಲಸ ಬದಲಿಸುವಾಗ ಪಿಎಫ್ ಮರೆಯಬೇಡಿ

ಹೊಸ ಕಂಪನಿಗೆ ಸೇರುವ ಖುಷಿಯಲ್ಲಿ ಹಳೇ ಪಿಎಫ್ ದುಡ್ಡನ್ನು ತೆಗೆದು ಖರ್ಚು ಮಾಡುವವರು ಬಹಳ. ದಯವಿಟ್ಟು ಹಾಗೆ ಮಾಡಬೇಡಿ. ಒಟ್ಟು 5 ವರ್ಷದ ಸೇವೆ ಆಗುವ ಮೊದಲೇ ತೆಗೆದರೆ ಸಾಮಾನ್ಯವಾಗಿ ಆದಾಯ ತೆರಿಗೆ ಬೀಳುತ್ತದೆ. ಹೊಸ ಕಂಪನಿಯ ಪಿಎಫ್ ಖಾತೆಗೆ ವರ್ಗಾಯಿಸಿಕೊಂಡರೆ ಹಿಂದಿನ ಕಂಪನಿಯ ವರ್ಷಗಳೂ ಲೆಕ್ಕಕ್ಕೆ ಸೇರುತ್ತವೆ. ಪಿಎಫ್ ಜೊತೆಗೇ ಬರುವ ತಿಂಗಳ ಪಿಂಚಣಿಗೆ 10 ವರ್ಷದ ಸೇವೆ ಬೇಕು. ಪಿಂಚಣಿ ಭಾಗವನ್ನೂ ತೆಗೆದುಬಿಟ್ಟರೆ ಆ ಎಣಿಕೆ ಮತ್ತೆ ಸೊನ್ನೆಯಿಂದ ಶುರು.

ಸೇರುವ ದಿನ ಹಳೇ ಯುಎಎನ್ (ಕೆಲಸ ಬದಲಾದರೂ ಬದಲಾಗದ ನಿಮ್ಮ ಪಿಎಫ್ ಗುರುತಿನ ಸಂಖ್ಯೆ) ನಂಬರನ್ನೇ ಕೊಡಿ, ಹೊಸದು ಮಾಡಿಸಬೇಡಿ. ಆಮೇಲೆ ಪಿಎಫ್ ನೋಡಿಕೊಳ್ಳುವ ಸಂಸ್ಥೆ ಇಪಿಎಫ್‌ಒದ ಪೋರ್ಟಲ್‌ನ ಸರ್ವಿಸ್ ಹಿಸ್ಟರಿಯಲ್ಲಿ ಹಳೇ ಕಂಪನಿ ಬಿಟ್ಟ ದಿನಾಂಕ ದಾಖಲಾಗಿದೆಯೇ ನೋಡಿ. ಅದು ಖಾಲಿ ಇದ್ದರೆ ವರ್ಗಾವಣೆ ಅಲ್ಲೇ ನಿಲ್ಲುತ್ತದೆ. ಕೊನೆಯ ವಂತಿಗೆ ಜಮೆಯಾಗಿ ಎರಡು ತಿಂಗಳಾದ ಮೇಲೆ 'ಮಾರ್ಕ್ ಎಕ್ಸಿಟ್' ಮೂಲಕ ಆಧಾರ್ ಒಟಿಪಿ ಕೊಟ್ಟು ನೀವೇ ತುಂಬಬಹುದು. ಬಿಟ್ಟ ದಿನಾಂಕ, ಹೊಸದಕ್ಕೆ ಸೇರಿದ ದಿನಾಂಕಕ್ಕಿಂತ ಒಂದು ದಿನ ತಡವಾಗಿದ್ದರೂ ಸೇವೆ ಒಂದರ ಮೇಲೊಂದು ಬಂದು ತಕರಾರು ಏಳಬಹುದು.

ನಮ್ಮ ಕಡೆ ಹೆಚ್ಚು ಕಾಡುವುದು ಇನಿಷಿಯಲ್. ಆಧಾರ್‌ನಲ್ಲಿ ಊರು, ತಂದೆಯ ಹೆಸರು ಪೂರ್ತಿ ಇದ್ದು, ಪಿಎಫ್‌ನಲ್ಲಿ ಬರೀ ಅಕ್ಷರಗಳಿದ್ದರೆ ಅರ್ಜಿ ತಿರಸ್ಕೃತವಾಗಬಹುದು. ಹಳೇ ಕಂಪನಿಯ ಎಚ್‌ಆರ್ ನಿಮ್ಮ ಫೋನ್ ಎತ್ತುತ್ತಿರುವಾಗಲೇ, ಅಂದರೆ ನೋಟಿಸ್ ಅವಧಿಯಲ್ಲೇ, ಇದನ್ನು ಸರಿಮಾಡಿಸಿಕೊಳ್ಳಿ.

ಆರ್ಥಿಕ ವರ್ಷದ ನಡುವೆ ಕೆಲಸ ಬದಲಿಸಿದರೆ ಹಳೇ ಸಂಬಳದ ವಿವರವನ್ನು ಹೊಸ ಕಂಪನಿಗೆ ಕೊಡಿ. ಇಲ್ಲದಿದ್ದರೆ ಸ್ಟ್ಯಾಂಡರ್ಡ್ ಡಿಡಕ್ಷನ್ (ಸಂಬಳದಾರರಿಗೆ ತೆರಿಗೆ ಲೆಕ್ಕದಲ್ಲಿ ಸಿಗುವ ನಿಗದಿತ ಕಡಿತ) ಎರಡೂ ಕಡೆ ಲೆಕ್ಕವಾಗಿ, ರಿಟರ್ನ್ಸ್ ಸಲ್ಲಿಸುವಾಗ ಬಾಕಿ ತೆರಿಗೆಯನ್ನು ಬಡ್ಡಿ ಸಮೇತ ಕಟ್ಟಬೇಕಾಗಬಹುದು.